ವಿಳಾಸ ತಪ್ಪಿದ ಪತ್ರಗಳು

ಇವತ್ತು ಬೆಳಿಗ್ಗೆ ಪುತ್ತೂರಿನಿಂದ ಕಾಣಿಯೂರಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಸವಣೂರು ದಾಟಿದ್ದೇ ತಡ, ಗೇರುಬೀಜ ಸುಡುವ ಹೊಗೆ ಕಿಟಕಿಯಿಂದ ಒಳಗೆ ನುಗ್ಗಿತು. ನಿಮಗೆ ಅದರ ಪರಿಚಯ ಇದೆಯೋ ಇಲ್ಲವೋ. ಬೀಜದ ತಿರುಳಿನ ಪರಿಮಳ ಬೇರೆ, ಸಿಪ್ಪೆಯ ಘಾಟು ಬೇರೆ. ಮೊದಲನೆಯದಕ್ಕೆ ಪಾಯಸ ನೆನಪಾಗುತ್ತದೆ, ಎರಡನೆಯದಕ್ಕೆ ಕೆಮ್ಮು ಬರುತ್ತದೆ. ನನಗೆ ಮಾತ್ರ ಆ ಘಾಟು ಮೂಗಿಗೆ ಬಡಿದರೆ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಯಾಕೆಂದು ಹೇಳುತ್ತೇನೆ, ಕಾಣಿಯೂರಿಗೆ ಇನ್ನೂ ಹೊತ್ತಿದೆ.

ನಾನು ಪುತ್ತೂರಿನಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದವಳು. ಬೆರಳು ನೋಡದೆ ಹೊಡೆಯಲು ಕಲಿಸುವುದೊಂದೇ ನನಗೆ ಗೊತ್ತಿದ್ದ ವಿದ್ಯೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಆಮೇಲೆ ಎಲ್ಲರೂ ಹೆಬ್ಬೆರಳಿನಿಂದಲೇ ಟೈಪು ಮಾಡತೊಡಗಿದರು, ನನ್ನ ಕ್ಲಾಸಿನ ಬೆಂಚುಗಳು ಖಾಲಿಯಾದವು. ಆಗ ನಾನು ಕೂತಲ್ಲೇ ಒಂದು ಕೆಲಸ ಹುಡುಕಿಕೊಂಡೆ. ನಾನಾ ದೇಶಗಳ ಕಾರ್ಮಿಕ ಸಂಘಗಳು ಸೇರಿದ ಒಂದು ಒಕ್ಕೂಟ ಇತ್ತು. ಅವರಿಗೆ ಅಂತರ್ಜಾಲದಲ್ಲಿ ಸುದ್ದಿ ಹಂಚಲು ಜನ ಬೇಕಿತ್ತು. ಕನ್ನಡದ ಪುಟ ನೋಡಿಕೊಳ್ಳುತ್ತೇನೆಂದು ಸೇರಿದೆ. ವರ್ಷಗಳು ಹೋದಂತೆ ಅವರ ಮಿಂಚಂಚೆಯ ಪಟ್ಟಿ, ವೆಬ್‌ಸೈಟು, ಮುಖ್ಯವಾಗಿ ಅಹವಾಲಿನ ಪುಟ, ಎಲ್ಲವೂ ನನ್ನ ಕೈಗೆ ಬಂದವು. ಅಹವಾಲಿನ ಪುಟವೆಂದರೆ ಇಷ್ಟೇ: ಎಲ್ಲೋ ಒಬ್ಬ ಕೆಲಸಗಾರನಿಗೆ ಅನ್ಯಾಯವಾದರೆ ಅದನ್ನು ಅಲ್ಲಿ ಬರೆಯುವುದು. ಓದಿದವರು ತಮ್ಮ ಹೆಸರು, ಎರಡು ಮಾತು ಸೇರಿಸಿ ಗುಂಡಿ ಒತ್ತಿದರೆ ಪತ್ರ ನೇರ ಮಾಲೀಕನಿಗೆ ಹೋಗುತ್ತದೆ.

ಊರಲ್ಲಿ ಇದನ್ನು ವಿವರಿಸುವುದು ಸುಲಭವಿರಲಿಲ್ಲ. ನನ್ನ ಕ್ಲಾಸಿನ ಕೆಳಗಿನ ಅಂಗಡಿಯ ದರ್ಜಿ ಒಮ್ಮೆ ಕೇಳಿದರು, "ಟೀಚರ್, ನೀವು ಕೊರಿಯಾದ ಬಸ್ ಡ್ರೈವರಿಗೆ ಕೆಲಸ ವಾಪಸ್ ಕೊಡಿಸುದಾ? ನಮ್ಮ ಊರಿಂದು ಎಂತದೂ ಇಲ್ವಾ?" ನಾನು ನಕ್ಕೆ. ಆದರೆ ಆ ಮಾತು ಚುಚ್ಚಿತು.

ಊರಿನದ್ದು ಇತ್ತು. ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದವಳು ಮೈಮೂನಾ. ಕಾಣಿಯೂರು ದಾರಿಯ ಒಂದು ಬೀಜದ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷ ಬೀಜ ಒಡೆದವಳು. ಸಿಪ್ಪೆಯ ಎಣ್ಣೆ ತಾಗಿ ತಾಗಿ ಅವಳ ಅಂಗೈ ಕಪ್ಪಗೆ ಸುಲಿದಿತ್ತು. ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಮಾತಾಡಿದಳು.

"ಗ್ಲೌಸ್ ಕೇಳಿದೆವು, ಕೈಗೆ ಹಾಕ್ಲಿಕ್ಕೆ. ಅದು ಹೋಗ್ಲಿ ಟೀಚರ್. ಕಕ್ಕಸಿಗೆ ಬೀಗ ಹಾಕಿ ಕೀ ಮೇಸ್ತ್ರಿ ಇಟ್ಕೊಳ್ಳುದು. ಹೋಗ್ಬೇಕಾದ್ರೆ ಆ ಗಂಡಸಿನ ಹತ್ರ ಕೇಳ್ಬೇಕು. ಅವ ನಗಾಡುದು. ಹೆಂಗಸರು ನೀರು ಕುಡಿಯುದೇ ಬಿಟ್ಟಿದ್ದಾರೆ. ನಾನು ಎದ್ದು ನಿಂತು ಹೇಳಿದೆ, ಬೀಗ ತೆಗೀರಿ ಅಂತ. ಮರುದಿನ ಗೇಟಿನಲ್ಲೇ ನಿಲ್ಲಿಸಿದ್ರು, ನಿನಗೆ ಕೆಲಸ ಇಲ್ಲ ಅಂತ."

"ಹೆಸರು ಹಾಕಿ ಬರೀಲಿಕ್ಕೆ ಅಡ್ಡಿ ಇಲ್ವಾ?" ಎಂದು ಕೇಳಿದೆ.

ಅವಳು ಸೆರಗಿನಿಂದ ಕೈ ಹೊರಗೆ ತೆಗೆದು ಮೇಜಿನ ಮೇಲಿಟ್ಟಳು. "ಹೆಸರು ಹಾಕಿ. ಇದರ ಫೋಟೋ ಕೂಡ ಹಾಕಿ."

ಅವಳ ಜೊತೆ ಕೆಲಸ ಮಾಡುವ ನಾಲ್ವರನ್ನು ಕಂಡು ಮಾತಾಡಿಸಿ, ಎಲ್ಲ ಖಾತ್ರಿ ಮಾಡಿಕೊಂಡು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು, ಒಕ್ಕೂಟದ ಒಪ್ಪಿಗೆ ಪಡೆದು ಪುಟ ಏರಿಸಿದೆ. ಮೂರು ದಿನ ಫ್ಯಾಕ್ಟರಿಯಲ್ಲಿ ಏನೂ ಅಲುಗಲಿಲ್ಲ. ಮೈಮೂನಾ ದಿನಾ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. "ಧಣಿಗಳು ಆರಾಮಲ್ಲಿದ್ದಾರಂತೆ ಟೀಚರ್, ಕಾಗದ ಒಂದೂ ಬಂದ ಹಾಗೆ ಇಲ್ಲ." ಲೋಕಕ್ಕೆ ನಮ್ಮ ಊರು ಬೇಡವಾಯಿತೇ ಎಂದು ನನಗೆ ಒಳಗೊಳಗೇ ಅಳು ಬಂತು.

ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಹಳೆಯ ಮಿಂಚಂಚೆಯ ಪೆಟ್ಟಿಗೆ ತುಂಬಿದೆ, ಇನ್ನು ಅಂಚೆ ಹಿಡಿಸದು ಎಂಬ ಎಚ್ಚರಿಕೆ ಫೋನಿಗೆ ಬಂತು. ತೆರೆದು ನೋಡಿದರೆ ಸಾಲು ಸಾಲು ಪತ್ರಗಳು, ಎಲ್ಲವೂ "ಮಾನ್ಯರೇ" ಎಂದು ಶುರು! ಅಯ್ಯೋ ನನ್ನ ಕರ್ಮವೇ! ಪುಟ ಸರಿಯಾಗಿದೆಯೋ ಎಂದು ಪರೀಕ್ಷಿಸುವಾಗ ಮಾಲೀಕರ ವಿಳಾಸದ ಜಾಗದಲ್ಲಿ ನನ್ನದೇ ಹಳೆಯ ವಿಳಾಸ ಹಾಕಿದ್ದೆ. ಬದಲಿಸಲು ಮರೆತಿದ್ದೆ. ಆ ಪತ್ರಗಳೆಲ್ಲ ಮೂರು ದಿನದಿಂದ, ನಾನು ತೆರೆದೇ ನೋಡದ ಆ ಹಳೆಯ ಪೆಟ್ಟಿಗೆಗೆ ಬಂದು ಬೀಳುತ್ತಿದ್ದವು. ನೂರಾರು ಮಕ್ಕಳಿಗೆ ತಪ್ಪಿಲ್ಲದೆ ಟೈಪು ಮಾಡಲು ಕಲಿಸಿದ ಟೀಚರ್ ನಾನು.

ಹೇಳಲು ನಾಚಿಕೆಯಾದರೂ ಹೇಳಿದೆ. ಮೈಮೂನಾ ಬಯ್ಯಲಿಲ್ಲ. "ಓದಿ, ಎಂತ ಉಂಟು ನೋಡುವ" ಎಂದಳು. ಕನ್ನಡಕ್ಕೆ ತಿರುಗಿಸುತ್ತಾ ಓದಿದೆ. ಬ್ರೆಜಿಲಿನ ಒಬ್ಬ ನರ್ಸ್. ನಾರ್ವೆಯ ರೈಲಿನ ಗಾರ್ಡ್. ಡಚ್ ಬಂದರಿನಲ್ಲಿ ಗೇರುಬೀಜದ ಪೆಟ್ಟಿಗೆಗಳನ್ನೇ ಇಳಿಸುವ ಒಬ್ಬಾತ, 'ಆ ಪೆಟ್ಟಿಗೆಯ ಹಿಂದೆ ಯಾರಿದ್ದಾರೆಂದು ಇಂದು ಗೊತ್ತಾಯಿತು' ಎಂದಿದ್ದ. ವಿಯೆಟ್ನಾಮಿನ ಬೀಜ ಒಡೆಯುವ ಹೆಂಗಸರು ಏನೂ ಬರೆದಿರಲಿಲ್ಲ, ತಮ್ಮ ಹನ್ನೆರಡು ಕಪ್ಪು ಕೈಗಳ ಫೋಟೋ ಕಳಿಸಿದ್ದರು. ಮೈಮೂನಾ ಪರದೆಯ ಹತ್ತಿರ ಬಗ್ಗಿ ಒಂದೊಂದೇ ಕೈಯನ್ನು ನೋಡಿದಳು. ಕಣ್ಣೊರೆಸಿಕೊಂಡು ಎದ್ದಳು.

"ಪ್ರಿಂಟು ತೆಗೀರಿ ಟೀಚರ್. ಅವರ ಕಾಗದ ಅವರಿಗೆ ಮುಟ್ಟಬೇಕಲ್ಲ? ನಾವೇ ಕೊಟ್ಟು ಬರುವ."

ಪುಟದಲ್ಲಿ ಮಾಲೀಕರ ವಿಳಾಸ ಸರಿಪಡಿಸಿ, ಪ್ರಿಂಟು ತೆಗೆದ ಕಾಗದಗಳನ್ನು ಗೋಣಿಯಲ್ಲಿ ತುಂಬಿ, ಇಬ್ಬರೂ ಬಸ್ಸು ಹತ್ತಿದೆವು. ಫ್ಯಾಕ್ಟರಿ ಮುಟ್ಟುವಾಗ ಊಟದ ಹೊತ್ತು, ಗೇಟು ತೆರೆದಿತ್ತು. ಹೆಂಗಸರು ಬುತ್ತಿ ಮುಚ್ಚಿಟ್ಟು ಒಬ್ಬೊಬ್ಬರಾಗಿ ನಮ್ಮ ಹಿಂದೆ ಬಂದರು. ಆಫೀಸಿನ ಅಂಗಳ ತುಂಬಿತು.

ಮೈಮೂನಾ ಒಳಗೆ ಹೋಗಿ ಗೋಣಿಯನ್ನು ಮಾಲೀಕರ ಮೇಜಿನ ಮೇಲೆ ಇಳಿಸಿದಳು. "ಧಣಿಗಳೇ, ಇದು ನಿಮಗೆ ಬಂದ ಕಾಗದ. ವಿಳಾಸ ತಪ್ಪಿ ಟೀಚರ ಮನೆಗೆ ಹೋಗಿತ್ತು."

ಅವರು ನನ್ನತ್ತ ತಿರುಗಿದರು. "ಎಂತ ಟೀಚರ್ ಇದು? ನನ್ನ ಮಗಳಿಗೆ ಟೈಪಿಂಗ್ ಕಲಿಸಿದವರು ನೀವು. ಊರಿನ ಮಾನ ಹೀಗೆ ಕಳೆಯುದಾ?"

ಆ ಸಿಪ್ಪೆಯ ಘಾಟಿನ ನಡುವೆ ಬೆನ್ನು ನೆಟ್ಟಗೆ ಮಾಡಿ ನಿಂತೆ. ಹೇಳಿದೆ. "ಮಗಳು ಇಲ್ಲಿ ಕೆಲಸಕ್ಕೆ ಬಂದ್ರೆ, ಅವಳೂ ಮೇಸ್ತ್ರಿ ಹತ್ರ ಕೀ ಕೇಳ್ಬೇಕಾ ಧಣಿಗಳೇ?"

ಅವರು ಗೋಣಿಗೆ ಕೈ ಹಾಕಿದರು. ಒಂದು ಕಾಗದ ತೆಗೆದರು, ಓದಿದರು, ಇನ್ನೊಂದು ತೆಗೆದರು. ಅಷ್ಟರಲ್ಲಿ ಅವರ ಫೋನು ಟಿಣ್ ಎಂದಿತು. ಮತ್ತೆ ಟಿಣ್. ಆಮೇಲೆ ಬಿಡದೆ ಟಿಣ್ ಟಿಣ್ ಟಿಣ್. ಸರಿಪಡಿಸಿದ ವಿಳಾಸಕ್ಕೆ ಪತ್ರಗಳು ಬರತೊಡಗಿದ್ದವು. ಅಂಗಳದಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿತು, ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ತಲೆ ತಗ್ಗಿಸಿದ.

ವಿಯೆಟ್ನಾಮಿನ ಕೈಗಳ ಫೋಟೋ ಹಿಡಿದುಕೊಂಡೇ ಧಣಿಗಳು ಮೆತ್ತಗೆ ಕೇಳಿದರು, "ಈಗ ಎಂತ ಮಾಡ್ಬೇಕು ಹೇಳು ಮೈಮೂನಾ."

"ಬೀಗ ತೆಗೀರಿ. ಎಲ್ಲರಿಗೂ ಗ್ಲೌಸ್ ಕೊಡಿ. ನಾನು ನಾಳೆ ಎಂಟಕ್ಕೆ ಬರ್ತೇನೆ."

ಧಣಿಗಳ ಸನ್ನೆಗೆ ಮೇಸ್ತ್ರಿಯೇ ಹೋಗಿ ಬೀಗ ತೆಗೆದ. ಆ ದಿನ ಅಂಗಳದಲ್ಲಿ ಎದ್ದ ಕೇಕೆ ಇನ್ನೂ ನನ್ನ ಕಿವಿಯಲ್ಲಿದೆ. ಮರುದಿನ ಮೈಮೂನಾ ಒಳಗೆ ಹೋದಳು, ವಾರದೊಳಗೆ ಗ್ಲೌಸೂ ಬಂತು.

ಬಸ್ಸು ಕಾಣಿಯೂರು ಮುಟ್ಟಿತು. ನಾನು ಹೊರಟದ್ದು ಮೈಮೂನಾಳ ಮನೆಗೇ. ಈಗ ಅವಳು ಒಕ್ಕೂಟದಲ್ಲಿ ಬೀಜದ ಕೆಲಸದವರ ಪ್ರತಿನಿಧಿ. ಅವಳ ಜಗಲಿಯಲ್ಲಿ ನನ್ನ ಲ್ಯಾಪ್‌ಟಾಪ್ ಬಿಡಿಸಿದೆವು. ಟಾಂಜಾನಿಯದಲ್ಲಿ ಬೀಜ ಒಡೆಯುವ ಆಶಾ ಎಂಬವಳು ಪರದೆಯ ಮೇಲೆ ಬಂದಳು. ಹೆಸರು ಕೇಳಿ ಮೈಮೂನಾ, "ನಮ್ಮ ಊರಿನ ಹುಡುಗಿಯೇ" ಎಂದು ನಕ್ಕಳು. ಸಂಘ ಕಟ್ಟಿದ್ದಕ್ಕೆ ಕೆಲಸ ಕಳೆದುಕೊಂಡಿದ್ದ ಆಶಾಳನ್ನು, ಒಂದು ತಿಂಗಳು ಪತ್ರ ಸುರಿದ ಮೇಲೆ, ನಾಳೆಯಿಂದ ವಾಪಸು ಕರೆದಿದ್ದಾರೆ. ಆದರೆ ಅವಳ ಮುಖದಲ್ಲಿ ಹೆದರಿಕೆ ಇತ್ತು. ಒಬ್ಬಳೇ ಒಳಗೆ ಹೋಗುವುದು ಹೇಗೆ ಎಂದಳು.

ನಾನು ಸಮಾಧಾನದ ವಾಕ್ಯವೊಂದನ್ನು ಇಂಗ್ಲಿಷಿನಲ್ಲಿ ಜೋಡಿಸತೊಡಗಿದೆ. ಇಷ್ಟು ವರ್ಷದ ಅಭ್ಯಾಸ ನೋಡಿ. ಮೈಮೂನಾ ನನ್ನ ಭುಜ ಮುಟ್ಟಿ ಸ್ವಲ್ಪ ಬದಿಗೆ ಸರಿಸಿದಳು. ನಾನು ಖುಷಿಯಿಂದಲೇ ಸರಿದೆ.

"ಟೀಚರ್, ನಾನು ಹೇಳ್ತೇನೆ, ನೀವು ಹಾಗೇ ದಾಟಿಸಿ" ಎಂದು ಪರದೆಯತ್ತ ಬಗ್ಗಿದಳು. "ಆಶಾ, ನಾಳೆ ಗೇಟಿನಲ್ಲಿ ತಲೆ ಬಗ್ಗಿಸ್ಬೇಡ ಮಾರಾಯ್ತಿ. ನಾವೆಲ್ಲ ನಿನ್ನ ಒಟ್ಟಿಗೆ ಒಳಗೆ ಬರ್ತೇವೆ."