ಕಾಲೆತ್ತಿ ಕೂತ ಗಂಡು

ಎದೆಯೊಳಗಿನ ಪಂಪು ಯಜಮಾನನ ಮಾತು ಕೇಳುವುದಿಲ್ಲ. ಮೆಲ್ಲಗೆ ಎಂದರೆ ಓಡುತ್ತದೆ. ನಿಲ್ಲು ಎನ್ನುವ ಧೈರ್ಯ ಯಾರಿಗೂ ಇಲ್ಲ. ಇದು ನನಗೆ ಚೆನ್ನಾಗಿ ತಿಳಿದದ್ದು ಹೆಣ್ಣು ನೋಡಲು ಹೋದ ದಿನ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಳೆಗಾಲ. ಸೋದರಮಾವ, ಅಣ್ಣ, ನಾನು ಹುದಿಕೇರಿಯಲ್ಲಿ ಬಸ್ಸಿಳಿದು ಕಾಫಿ ತೋಟದ ಕಾಲುದಾರಿ ಹಿಡಿದೆವು. ಡೈರಿ ಬರೆಯುವ ಚಟದವನಾದ ನಾನು ಎರಡು ಮಳೆಗಾಲ ಲೆಕ್ಕವಿಟ್ಟು ಒಂದು ಸಂಗತಿ ಕಂಡುಕೊಂಡಿದ್ದೆ: ಸಾಲಾಗಿ ನಡೆಯುವಾಗ ಮುಂದಿನವನ ಹೆಜ್ಜೆಗೆ ಜಿಗಣೆಗಳು ಎಚ್ಚರಾಗುತ್ತವೆ, ಹಿಂದಿನವನನ್ನು ಹಿಡಿಯುತ್ತವೆ. ಆದರೆ ಮದುವೆಯ ಗಂಡು ಹಿರಿಯರನ್ನು ದಾಟಿ ಮುಂದೆ ನಡೆಯಬಹುದೇ? ಕಾಲಿಗೆ ಹೊಗೆಸೊಪ್ಪಿನ ನೀರನ್ನಾದರೂ ಹಚ್ಚಿಕೊಳ್ಳಬಹುದಿತ್ತು. ಹೆಣ್ಣಿನೆದುರು ನಾರುವುದು ಬೇಡವೆಂದು ಬಿಟ್ಟೆ.

ಹೆಣ್ಣಿನ ಮನೆಯ ಜಗಲಿಯಲ್ಲಿ ಕೂತ ಮೇಲೆ ನೋಡುತ್ತೇನೆ, ಬಿಳಿ ಪಂಚೆಯ ಅಂಚು ಕೆಂಪಾಗುತ್ತಿದೆ. ಜಿಗಣೆ ಹೊಟ್ಟೆ ತುಂಬಿ ಯಾವಾಗಲೋ ಉದುರಿತ್ತು. ಕಚ್ಚುವಾಗ ಅದು ರಕ್ತ ಹೆಪ್ಪುಗಟ್ಟದಂತೆ ಏನನ್ನೋ ಸೇರಿಸುತ್ತದಂತೆ. ನೆಂಟ ಎದ್ದುಹೋದರೂ ಬಡಿಸುತ್ತಲೇ ಇರುವ ಮನೆಯ ಹಾಗೆ ಗಾಯ ಸುರಿಸುತ್ತಲೇ ಇರುತ್ತದೆ. ಅಷ್ಟರಲ್ಲಿ ಹುಡುಗಿ, ದೇವಕಿ, ಕಾಫಿ ತಂದಳು. ನನ್ನ ಎದೆ ಡವಡವ ಎಂದಿತು. ಕಾಲಿನ ಧಾರೆಯೂ ಜೋರಾಯಿತು. ಮನಸ್ಸಿನ ಗುಟ್ಟನ್ನು ಹೀಗೆ ನೆಲಕ್ಕೆ ಸುರಿದು ತೋರಿಸಬೇಕೆ?

“ಎಂತ ಮಗಾ, ಹೆಣ್ಣು ನೋಡ್ಲಿಕ್ಕೆ ಬಂದದ್ದಾ, ಬೇಟೆ ಮುಗಿಸಿ ಬಂದದ್ದಾ?” ಎಂದರು ಅವಳ ಅಜ್ಜಿ. ಸುಣ್ಣ ಮೆತ್ತಿದರು. ರಕ್ತ ಅದನ್ನೂ ತೊಳೆದುಕೊಂಡು ಹೋಯಿತು.

ಒಪ್ಪಿಗೆಯಾಗದ ಮನೆಯಲ್ಲಿ ಊಟ ಮಾಡುವ ಕ್ರಮ ನಮ್ಮಲ್ಲಿಲ್ಲ. ಕಾಫಿ ಕುಡಿದು ಎದ್ದರೆ ನಾನು ಅವರ ಪಾಲಿಗೆ ನೆಲ ಕೆಡಿಸಿ ಹೋದ ಗಂಡು, ಅಷ್ಟೇ. ನನಗೋ ದೇವಕಿ ಆಗಲೇ ಹಿಡಿಸಿಬಿಟ್ಟಿದ್ದಳು.

“ಕಾಲು ಕೆಳಗೆ ಬಿಟ್ರೆ ರಕ್ತ ಇಳಿಯದೆ ಮತ್ತೆಂತ ಮಾಡ್ತದೆ? ಮೇಲೆ ಇಡಿ,” ಎಂದು ಅವಳೇ ಸ್ಟೂಲು ತಂದಿಟ್ಟಳು.

ಹಿರಿಯರೆದುರು ಕಾಲು ಚಾಚುವುದೇ! ಮಾವನನ್ನು ನೋಡಿದೆ. ಮಾವ ತಲೆಯೆತ್ತಿ ಮಾಡಿನ ಹೆಂಚು ನೋಡಿದರು. ಚಾಚಿದೆ, ಪಾದ ನೇರ ಅಜ್ಜಿಯ ಮುಖಕ್ಕೆ.

“ನೋಡಿ ಚಂದ! ಅಳಿಯ ಆಗುವ ಮೊದಲೇ ಅಳಿಯನ ಗತ್ತು!”

ಅಜ್ಜಿಯ ಮಾತಿಗೆ ಎಲ್ಲರೂ ನಕ್ಕರು. ನಾನು ಗಾಯವನ್ನು ಬಟ್ಟೆಯಿಂದ ಒತ್ತಿ ಹಿಡಿದು ಯೋಚಿಸಿದೆ. ಎದೆಯಿಂದ ಕಾಲಿಗೆ ಇಳಿಯುವುದು ರಕ್ತಕ್ಕೆ ಸುಲಭ, ಮರಳಿ ಹತ್ತುವುದೇ ಕಷ್ಟ. ಅದಕ್ಕೆಂದೇ ಕಾಲಿನ ನಾಳಗಳಲ್ಲಿ ಒಂದೇ ಕಡೆಗೆ ತೆರೆಯುವ ಪುಟ್ಟ ಬಾಗಿಲುಗಳಿವೆಯಂತೆ. ಮರ್ಯಾದೆಗೆ ಅಂಥ ಬಾಗಿಲಿಲ್ಲ. ಇಳಿದರೆ ಇಳಿದದ್ದೇ.

“ಹೊರಡುವಾ? ಬಸ್ಸು ತಪ್ತದೆ,” ಎಂದರು ಮಾವ.

ದೇವಕಿ ಬಗ್ಗಿ ನನ್ನ ಕಾಲು ನೋಡಿದಳು. “ಈಗ ನಡೆದ್ರೆ ಪುನಃ ಹರೀತದೆ. ಊಟ ಮಾಡಿ ಹೋಗ್ಲಿ.”

“ಕೇಳಿತಲ್ಲ, ಮತ್ತೆಂತ ನೋಡ್ತಾ ನಿಂತದ್ದು? ಎಲೆ ಹಾಕಿ!” ಎಂದು ಅಜ್ಜಿ ಒಳಗೆ ಕೂಗಿದರು.

ರಕ್ತ ಆಗಲೇ ಪೂರಾ ನಿಂತಿತ್ತು. ಅಷ್ಟು ಹತ್ತಿರದಿಂದ ನೋಡಿದವಳಿಗೆ ಅದು ಕಾಣದೆ ಇರಲಿಲ್ಲ. ನಾನಂತೂ ಕಾಲು ಇಳಿಸಲಿಲ್ಲ.