ಹಿಟ್ಟು ಹಚ್ಚಿ ಸುಟ್ಟ ಗೆಡ್ಡೆ

ದೊಡ್ಡವ್ವ ಕೆಮ್ಮಿಗೆ ಹವಾ ಬದಲಾಗಲಿ ಎಂದು ತೆಲಿಗಿಗೆ ಹೋಗಿದ್ದಾಳೆ ಅಂತ ಕೊಟ್ಟೂರಿನ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಈ ವಾದ ನಿಲ್ಲುವುದಿಲ್ಲ. ಒಂದು, ಅಡುಗೆಮನೆಯ ಮಣ್ಣಿನ ಒಲೆ ತೆಗೆದ ಎರಡೇ ತಿಂಗಳಿಗೆ ಅವಳ ಕೆಮ್ಮು ಇಳಿದಿತ್ತು. ಎರಡು, ತೆಲಿಗಿಯಲ್ಲಿ ಅವಳು ಇರುವುದು ತನ್ನ ತಮ್ಮನ, ಅಂದರೆ ನನ್ನ ಮಾವನ ಮನೆಯಲ್ಲಿ. ಅಲ್ಲಿ ಇವತ್ತಿಗೂ ಉರಿಯುವುದು ಕಟ್ಟಿಗೆ ಒಲೆಯೇ. ಹೊಗೆಗೆ ಹೆದರಿದವರು ಹೊಗೆ ಇರುವ ಮನೆಯನ್ನೇ ಹುಡುಕಿಕೊಂಡು ಹೋಗುತ್ತಾರೇನು? ಮೂರನೆಯದನ್ನು ಓಣಿಯವರು ನನ್ನೆದುರು ಬಾಯಿಬಿಟ್ಟು ಹೇಳುವುದಿಲ್ಲ. ಮನೆ ದೊಡ್ಡವ್ವನದು. ಮನೆಯೊಡತಿ ಹೊರಗಿದ್ದಾಳೆ, ಓದಲು ಬಂದು ಉಳಿದವಳು ಒಳಗಿದ್ದಾಳೆ.

ಎಂಟನೇ ಇಯತ್ತೆಗೆ ನಾನು ಇಲ್ಲಿಗೆ ಬಂದೆ. ಅಪ್ಪ ಅವ್ವ ಮೈಲಾರದ ಹತ್ತಿರ ಹೊಲ ಮಾಡಿಕೊಂಡಿದ್ದರು, ಈಗಲೂ ಮಾಡುತ್ತಾರೆ. ದೊಡ್ಡವ್ವ ಅವ್ವನ ಅಕ್ಕ. ಗಂಡ ಇಲ್ಲ, ಮಕ್ಕಳೂ ಇಲ್ಲ. ಶಾಲೆಯಲ್ಲಿ ನನಗೆ ಚರ್ಚಾಸ್ಪರ್ಧೆಯ ಹುಚ್ಚು ಹತ್ತಿತು. ಚೀಟಿ ಎತ್ತಿದಾಗ ಪರ ಅಂತ ಬಂದರೆ ಪರ, ವಿರೋಧ ಅಂತ ಬಂದರೆ ವಿರೋಧ. ತಾಲೀಮು ನಡೆಯುತ್ತಿದ್ದುದು ಒಲೆಯ ಮುಂದೆ. ಒಂದು ಬದಿ ಅವಳು ಕೂತು ರೊಟ್ಟಿ ಬಡಿಯುತ್ತಿದ್ದಳು, ಎದುರು ಬದಿ ನಾನು ಕೂತು ಕೈ ಎತ್ತಿ ಭಾಷಣ ಮಾಡುತ್ತಿದ್ದೆ. ಎಲ್ಲ ಕೇಳಿ ಕೊನೆಗೆ ಅನ್ನುವಳು, "ನಿನ್ನೆ ಇದಕ್ಕ ಉಲ್ಟಾ ಹೇಳಿದ್ದಿ ನೋಡು." ಅದು ಆಕ್ಷೇಪವಲ್ಲ. ಅವಳಿಗೆ ನಿನ್ನೆಯದೂ ನೆನಪಿರುತ್ತಿತ್ತು, ಅಷ್ಟೆ. ನನ್ನ ಮಾತನ್ನು ಆಮೇಲೆ ಅಷ್ಟು ನೆನಪಿಟ್ಟುಕೊಂಡ ತೀರ್ಪುಗಾರರು ಯಾರೂ ಸಿಗಲಿಲ್ಲ.

ಚಳಿಗಾಲದಲ್ಲಿ ಸಂತೆಗೆ ಗೆಡ್ಡೆಕೋಸು ಬಂದಾಗ ಅವಳು ಸಾರಿಗೊಂದಿಷ್ಟು ಹಾಕಿ, ಎರಡು ಗೆಡ್ಡೆ ಎತ್ತಿಡುತ್ತಿದ್ದಳು. ಕೊನೆಯ ರೊಟ್ಟಿ ಬಡಿದ ಮೇಲೆ ಪರಾತದಲ್ಲಿ ಉಳಿದ ಜೋಳದ ಹಿಟ್ಟನ್ನು ಸಿಪ್ಪೆ ತೆಗೆಯದ ಗೆಡ್ಡೆಯ ಸುತ್ತ ಮೆತ್ತಿ, ಬಿಸಿ ಬೂದಿಯಲ್ಲಿ ಹುಗಿದು ಮೇಲೆ ಕೆಂಡ ಎಳೆಯುವಳು. ನಾವು ಉಂಡು ಕೈತೊಳೆದು ಹರಟೆ ಹೊಡೆಯುವಷ್ಟರಲ್ಲಿ ಅದು ಬೆಂದಿರುತ್ತಿತ್ತು. ಕಲ್ಲಿನಂತಾದ ಹಿಟ್ಟಿನ ಕವಚವನ್ನು ಒರಳುಕಲ್ಲಿಗೆ ಕುಟ್ಟಿ ಒಡೆದರೆ ಒಳಗೆ ಬೆಣ್ಣೆಯಂಥ ಗೆಡ್ಡೆ. ಅದರ ಮೇಲೆ ಗುರೆಳ್ಳು ಪುಡಿ, ಹಸಿ ಶೇಂಗಾ ಎಣ್ಣೆ. ಆಳಿಗೊಂದು.

ನನಗೆ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕ ವರ್ಷ ಅವಳ ಕೆಮ್ಮು ಜೋರಾಯಿತು. ಒಂದು ಮುಂಜಾನೆ ನಾನು ಒಲೆಯ ಎದುರು ಕೂತು, ಇದನ್ನು ತೆಗೆಸಿ ಗ್ಯಾಸ್ ಹಾಕಿಸೋಣ ಎಂದು ವಾದ ಹೂಡಿದೆ. ಹೊಗೆಯಿಂದ ಎದೆಗೆ ಏನಾಗುತ್ತದೆ, ಕಟ್ಟಿಗೆ ಹೊರುವುದರಿಂದ ಸೊಂಟಕ್ಕೆ ಏನಾಗುತ್ತದೆ, ಊದುಗೊಳವೆ ಊದುತ್ತ ಆಯುಷ್ಯದಲ್ಲಿ ಎಷ್ಟು ಹೊತ್ತು ಹೋಯಿತು ಎಂದೆಲ್ಲ ಬಿಡಿಸಿ ಹೇಳಿದೆ. ಅವಳು ಏನು ಅಡ್ಡಿ ಹೇಳಬಹುದು ಎಂಬುದನ್ನೂ ನಾನೇ ಹೇಳಿ, ಅದಕ್ಕೂ ಉತ್ತರ ಕೊಟ್ಟೆ. ಅವಳು ರೊಟ್ಟಿ ತಿರುವಿ ಹಾಕಿ ಅಂದಳು, "ಹೂಂ. ನೀನ ಗೆದ್ದಿ ಬಿಡವ್ವ."

ಆ ವಾರವೇ ಮೇಸ್ತ್ರಿ ಬಂದ. ನಾನು ಕಾಲೇಜಿನಲ್ಲಿದ್ದೆ. ಎದುರುಮನೆಯ ಅಕ್ಕ ಆಮೇಲೆ ಹೇಳಿದ್ದು ಇಷ್ಟು: ಒಲೆಗೆ ಕೈ ಹಚ್ಚಲು ದೊಡ್ಡವ್ವ ಮೇಸ್ತ್ರಿಗೆ ಬಿಡಲಿಲ್ಲವಂತೆ. ತಾನೇ ಕುಡಗೋಲಿನ ಹಿಡಿಯಿಂದ ಮೆಲ್ಲಗೆ ತಟ್ಟಿ ತಟ್ಟಿ ಒಡೆದಳಂತೆ. ಒಲೆಯ ಮಣ್ಣು ನಾಲ್ಕು ಮಂದಿ ತುಳಿಯುವಲ್ಲಿ ಬೀಳಬಾರದೆಂದು ಬುಟ್ಟಿ ಬುಟ್ಟಿ ಹೊತ್ತು ಹಿತ್ತಲ ಕರಿಬೇವಿನ ಬುಡಕ್ಕೆ ಸುರಿದಳಂತೆ. ನಾನು ಸಂಜೆ ಬಂದು ನೋಡಿದರೆ ಸೊಂಟಮಟ್ಟದ ಕಟ್ಟೆ, ಮೇಲೆ ಕಲ್ಲಿನ ಹಾಸು, ಅದರ ಮೇಲೆ ಗ್ಯಾಸ್ ಒಲೆ. ಬಹಳ ಚಂದ ಕಂಡಿತು. ಹಾಗಂತ ಹೇಳಿದೆ ಕೂಡ.

ಆಮೇಲೆ ಅವಳು ಗೋಡೆಗೆ ಮುಖ ಮಾಡಿ ನಿಂತು ರೊಟ್ಟಿ ಸುಟ್ಟಳು. ನಾನು ಹಿಂದೆ ಕುರ್ಚಿಯ ಮೇಲೆ ಕೂತು ಫೋನ್ ನೋಡಿದೆ. ಗೆಡ್ಡೆಕೋಸು ತಂದರೆ ಎಲ್ಲ ಸಾರಿಗೇ ಹೋಯಿತು. ಆರು ತಿಂಗಳಾದ ಮೇಲೆ ಒಂದು ಚೀಲ ಹಿಡಿದು, "ನಾಕು ದಿನ ತಮ್ಮನ ಮನ್ಯಾಗ ಇದ್ದು ಬರ್ತೀನಿ," ಅಂದಳು. ಆ ನಾಲ್ಕು ದಿನ ಮುಗಿದಿಲ್ಲ. ಇದಕ್ಕೆ ವರ್ಷವಾಗುತ್ತ ಬಂತು. ಫೋನ್ ಮಾಡಿದರೆ ಕೇಳುವುದು ಊಟ ಆಯಿತಾ ಎಂದು. ಆಯಿತು ಅಂದರೆ ಫೋನನ್ನು ಮಾವನ ಕೈಗೆ ಕೊಟ್ಟುಬಿಡುತ್ತಾಳೆ.

ಈ ಚಳಿಗಾಲಕ್ಕೆ ನಾನೊಂದು ಕರೆಂಟಿನ ಓವನ್ ತಂದೆ. ಜೊತೆಗೊಂದು ಅಡುಗೆ ಪುಸ್ತಕ ಬಂತು. ಅದರಲ್ಲಿ ಎರಡು ಪುಟ ತುಂಬ ರುಟಬಾಗ ಎಂಬ ಗೆಡ್ಡೆ: ಹುರಿದದ್ದು, ಬೇಯಿಸಿದ್ದು, ಹಾಲು ಹಾಕಿ ಸುಟ್ಟದ್ದು. ಚಿತ್ರದಲ್ಲಿ ಮೇಲೆ ನೇರಳೆ, ಒಳಗೆ ಹಳದಿ. ನಮ್ಮ ಸಂತೆಯಲ್ಲಿ ಫೋನಿನ ಚಿತ್ರ ತೋರಿಸಿ ಕೇಳಿದೆ. ಕಾಯಿಪಲ್ಲೆ ಮಾರುವವಳು ನೋಡಿ, "ಇದು ಗಡ್ಡಿಕೋಸಿನ ಸೋದರಮಾವ ಇರಬೇಕು, ನಮ್ಮ ಕಡಿ ಬಂದಿಲ್ಲ," ಅಂದಳು. ಓದಿ ನೋಡಿದರೆ ಅವಳು ಹೇಳಿದ್ದು ಹೆಚ್ಚುಕಡಿಮೆ ನಿಜ. ಎರಡೂ ಕೋಸಿನ ಕುಲದವೇ. ಗೆಡ್ಡೆಕೋಸನ್ನೇ ಬದಲಿಗೆ ಒಪ್ಪಿಕೊಂಡೆ.

ಮೊದಲ ಸಲ ತುಂಡು ಮಾಡಿ ಎಣ್ಣೆ, ಉಪ್ಪು, ಕೆಂಪು ಖಾರ ಸವರಿ ಹುರಿದೆ. ಅಂಚು ಕಂದಾಗಿ, ಒಳಗೆ ಮೆತ್ತಗಾಗಿ, ತಪ್ಪು ಹೇಳುವಂತಿರಲಿಲ್ಲ. ಎರಡನೇ ಸಲ ಬಿಲ್ಲೆ ಕೊಯ್ದು ಹಾಲು, ಕೆನೆ, ಮೆಣಸಿನ ಪುಡಿ ಹಾಕಿ ಬೇಯಿಸಿದೆ. ಪುಸ್ತಕದಲ್ಲಿ ಕೆಳಗೆ ಸಣ್ಣಕ್ಷರದಲ್ಲಿ ನಾಲ್ಕು ಜನಕ್ಕೆ ಎಂದು ಬರೆದಿತ್ತು. ಅದನ್ನು ನೋಡಿದ್ದು ಮಾಡಿ ಮುಗಿಸಿದ ಮೇಲೆ. ಎದುರುಮನೆಗೆ ಒಂದು ಬಟ್ಟಲು ಕೊಟ್ಟೆ. ಬಟ್ಟಲು ತೊಳೆದು ಸಕ್ಕರೆ ತುಂಬಿ ವಾಪಸ್ ಕೊಟ್ಟಳು ಅಕ್ಕ. ಉಳಿದದ್ದನ್ನು ಮೂರು ದಿನ ನಾನೇ ಉಂಡೆ. ಕಟ್ಟೆಯ ಮುಂದೆ ನಿಂತೇ ಉಂಡೆ. ಒಬ್ಬಳಿಗೆ ತಟ್ಟೆ ಹಾಕಿಕೊಂಡು ಕೂರುವುದಕ್ಕೆ ಸಮರ್ಥನೆ ಸಿಗಲಿಲ್ಲ. ಆಗಲೇ ಗಮನಿಸಿದ್ದು: ಈ ಕಟ್ಟೆಗೆ ಎದುರು ಬದಿ ಅಂತ ಇಲ್ಲ. ಒಬ್ಬರು ನಿಲ್ಲಬಹುದು, ಎದುರಿಗೆ ಗೋಡೆ.

ನಿಜ ಹೇಳಬೇಕೆಂದರೆ ಓವನ್ ತಂದದ್ದು ಹಾಲು ಕೆನೆಗಲ್ಲ. ದೊಡ್ಡವ್ವನ ಗೆಡ್ಡೆ ಈ ಮನೆಯಲ್ಲಿ ಒಲೆಯಿಲ್ಲದೆಯೂ ಆಗುತ್ತದೆ ಎಂದು ತೋರಿಸಿಬಿಟ್ಟರೆ, ಅವಳು ಬಾರದಿರಲು ಕಾರಣ ಉಳಿಯುವುದಿಲ್ಲ ಎಂದುಕೊಂಡಿದ್ದೆ. ಮೂರನೇ ಸಲ ಇಡೀ ಗೆಡ್ಡೆ ಇಟ್ಟೆ. ಜೋಳದ ಹಿಟ್ಟು ಮೆತ್ತಲಿಲ್ಲ. ಹಿಟ್ಟು ಇದ್ದದ್ದು ಬೂದಿ ತಾಗದಿರಲಿ ಅಂತ. ಓವನ್ನಿನಲ್ಲಿ ಬೂದಿಯೇ ಇಲ್ಲ. ಆದ್ದರಿಂದ ಹಿಟ್ಟು ಬೇಡ. ಇಷ್ಟು ಸರಳ ವಾದ. ಮುಕ್ಕಾಲು ಗಂಟೆಯ ಮೇಲೆ ತೆಗೆದರೆ ಗೆಡ್ಡೆ ಮುದುಡಿ, ಸಿಪ್ಪೆ ಚಕ್ಕಳವಾಗಿ, ಒಳಗೆ ನಾರು ನಾರು. ಇನ್ನೊಮ್ಮೆ ಕಾವು ಇಳಿಸಿ ಇಟ್ಟೆ. ಅದೂ ಹಾಗೇ.

ಫೋನ್ ಮಾಡಿದೆ. ಊಟ ಆತಾ ಅಂದಳು. ಇಲ್ಲ ಅಂದೆ, ಗೆಡ್ಡೆ ಕೆಟ್ಟ ಕಥೆ ಹೇಳಿದೆ.

"ಹಿಟ್ಟು ಹಚ್ಚಿದ್ದೇನು?"

"ಬೂದಿನ ಇಲ್ಲಲ್ಲ ದೊಡ್ಡವ್ವ, ಹಿಟ್ಟು ಯಾಕ?"

"ಹಿಟ್ಟು ಬೂದಿ ಸಲುವಾಗಿ ಅಂತ ಯಾರು ಹೇಳ್ಯಾರ ನಿನಗ?"

ಯಾರೂ ಹೇಳಿರಲಿಲ್ಲ. ಹತ್ತು ವರ್ಷ ಎದುರು ಕೂತು ನೋಡಿದ್ದೆ, ಒಮ್ಮೆಯೂ ಕೇಳಿರಲಿಲ್ಲ.

"ಗಡ್ಡಿ ನೀರು ಗಡ್ಡಿಯಾಗ ಇರಬೇಕವ್ವ," ಅಂದಳು. "ಹಿಟ್ಟು ಅದನ್ನ ಹೊರಗ ಬಿಡೂದಿಲ್ಲ. ಬೂದಿ ಏನು, ಝಾಡಿಸಿದ್ರ ಹೋಗತೈತಿ." ಅಷ್ಟು ಹೇಳಿ, ಹಿಟ್ಟು ಬಿಸಿನೀರಿನಲ್ಲೇ ಕಲಸು, ತೆಳ್ಳಗೆ ಬೇಡ, ಬಿರುಕು ಬಿಟ್ಟಲ್ಲಿ ಒದ್ದೆ ಬೆರಳು ಎಳೆ ಎಂದಳು. ಫೋನು ಮಾವನ ಕೈಗೆ ಹೋಗಲಿಲ್ಲ. ಅವಳು ಹೋದ ಮೇಲೆ ನಾವು ಆಡಿದ್ದರಲ್ಲಿ ಅದೇ ಬಹಳ ಉದ್ದದ ಮಾತು.

ಭಾನುವಾರ ಮುಂಜಾನೆ ಎರಡು ಗೆಡ್ಡೆ ಹಿಟ್ಟು ಹಚ್ಚಿ ಸುಟ್ಟೆ. ಒಡೆಯದೆ ಹಾಗೇ ಟವೆಲಿನಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಹರಪನಹಳ್ಳಿ ಬಸ್ಸು ಹತ್ತಿದೆ. ಅಲ್ಲಿ ಇಳಿದು ತೆಲಿಗಿ ಬಸ್ಸಿಗೆ ಕಾಯುವಾಗ ಡಬ್ಬಿ ಇನ್ನೂ ಬೆಚ್ಚಗಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿದೆ: ಕೆಮ್ಮು, ಮನೆ, ಹಿತ್ತಲ ಕರಿಬೇವು ಈಗ ಮಾಡಿನವರೆಗೆ ಬೆಳೆದದ್ದು. ಬೇಕಾದರೆ ಒಲೆಯನ್ನೂ ಮತ್ತೆ ಹಾಕಿಸೋಣ ಎಂಬುದನ್ನು ಕೊನೆಗೆ ಇಟ್ಟುಕೊಂಡೆ.

ಮಾವ ಮತ್ತು ಅತ್ತೆ ಹೊಲಕ್ಕೆ ಹೋಗಿದ್ದರು. ದೊಡ್ಡವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಸ್ವಲ್ಪ ಸೊರಗಿದ್ದಳು. ಎರಡು ಸಲ ಕೆಮ್ಮಿದಳು. ನನ್ನ ಮೊದಲ ಅಂಶ ಅಲ್ಲೇ ಇತ್ತು; ಎತ್ತಲಿಲ್ಲ. ಎದುರು ಬದಿ ಮಣೆ ಎಳೆದುಕೊಂಡು ಕೂತೆ. ಡಬ್ಬಿ ತೆಗೆದುಕೊಟ್ಟೆ. ಗೆಡ್ಡೆಯನ್ನು ಕೈಯಲ್ಲಿ ತೂಗಿ, ಬೆರಳಿನಿಂದ ಬಡಿದು ಸಪ್ಪಳ ಕೇಳಿ, ಒರಳಿಗೆ ಕುಟ್ಟಿದಳು. ಕವಚ ಎರಡು ಹೋಳಾಯಿತು, ಒಳಗಿನ್ನೂ ಬೆಚ್ಚಗಿತ್ತು. ಗುರೆಳ್ಳು ಪುಡಿ ಉದುರಿಸಿ ಒಂದು ತುತ್ತು ತಿಂದು, ಇನ್ನೊಂದು ಗೆಡ್ಡೆಯನ್ನು ನನ್ನ ಕಡೆ ಸರಿಸಿದಳು.

"ಚಲೋ ಬೆಂದೈತಿ," ಅಂದಳು. ಇನ್ನೊಂದು ತುತ್ತು ತಿಂದು, "ಹೊಗಿ ವಾಸನಿ ಒಂದಿಲ್ಲ ನೋಡು."

ಅದು ಮೆಚ್ಚುಗೆಯೋ ಕೊರತೆಯೋ ತಿಳಿಯಲಿಲ್ಲ. ಬಸ್ಸಿನಲ್ಲಿ ಜೋಡಿಸಿದ್ದರಲ್ಲಿ ಒಂದೇ ಒಂದು ಮಾತು ಹೊರಗೆ ಬಂತು, ಅದೂ ಪುರಾವೆಯಿಲ್ಲದೆ: ಮನಿಗೆ ಬಾ ದೊಡ್ಡವ್ವ. ಅವಳು ಮುಂದಿನ ಹಿಟ್ಟಿನ ಉಂಡೆ ಎತ್ತಿಕೊಂಡಳು. ಬಡಿದು, ಹಂಚಿಗೆ ಹಾಕಿ, ನೀರು ಸವರಿ, ರೊಟ್ಟಿ ತಿರುವಿದಳು. ಅದೇ ಕೈ, ಅದೇ ತಿರುವು. ಒಲೆ ತೆಗೆಸಲು ಅವತ್ತು ನಾನು ಒಂದೂ ಸಂದು ಬಿಡದೆ ಮಾತಾಡಿದ್ದು ನೆನಪಾಯಿತು. ನಾನು ಅವಳಿಗೆ ಕೇಳಬೇಕಿದ್ದ ಪ್ರಶ್ನೆ ಒಂದೇ ಇತ್ತು, ಅದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದ್ದೆ. ಕೆಂಡವನ್ನು ಅವಳು ಮುಂದಕ್ಕೆ ಎಳೆಯುತ್ತಿರುವಾಗ ಕೇಳಿದೆ:

"ದೊಡ್ಡವ್ವ, ಅವತ್ತು ನೀನು ಹೂಂ ಅಂದದ್ದು ನನ್ನ ಮಾತು ಒಪ್ಪಿ ಅಂದ್ಯಾ, ಇಲ್ಲಾ ನನ್ನ ಮಾತು ಸಾಕಾಗಿ ಅಂದ್ಯಾ?"