ಮೂರನೆಯ ಮೊಳೆ

ಸುಣ್ಣದ ನೀರು ಹಸಿ ಮಣ್ಣಿನ ಮೇಲೆ ಬಿದ್ದಾಗ ಏಳುವ ವಾಸನೆ ಈಗಲೂ ಎಲ್ಲಾದರೂ ಸಿಕ್ಕರೆ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ನಂಜನಗೂಡಿನ ನಮ್ಮ ಮನೆಯ ಹಿಂಗೋಡೆಗೆ ತಾಗಿಕೊಂಡೇ ಒಂದು ಮಣ್ಣಿನ ಟೆನಿಸ್ ಕೋರ್ಟು ಇತ್ತು. ಭಾನುವಾರ ಬೆಳಗಾಗುತ್ತಲೇ ಅಪ್ಪ ಅದಕ್ಕೆ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕುತ್ತಿದ್ದರು. ಆ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂದು ಅಮ್ಮನ ಒಗ್ಗರಣೆಯ ಜೊತೆ ಬೆರೆಯುತ್ತಿತ್ತು. ಈಗ ಮನೆಯೂ ಇಲ್ಲ, ಕೋರ್ಟೂ ಇಲ್ಲ. ಎರಡೂ ಸೇರಿ ಒಂದು ಕಲ್ಯಾಣ ಮಂಟಪದವರು ಕಾರು ನಿಲ್ಲಿಸುವ ಜಾಗವಾಗಿದೆ.

ಕೋರ್ಟಿನ ಪಕ್ಕದ ಶೆಡ್ಡಿನಲ್ಲಿ ಒಂದು ಉದ್ದನೆಯ ಹಲಗೆ. ಅದರಲ್ಲಿ ಮೇಲಿಂದ ಕೆಳಗೆ ಹನ್ನೊಂದು ಮೊಳೆ, ಒಂದೊಂದರಲ್ಲೂ ಒಬ್ಬೊಬ್ಬ ಆಟಗಾರನ ಹೆಸರು ಬರೆದ ತಗಡಿನ ಬಿಲ್ಲೆ. ಎಲ್ಲರೂ ಅದನ್ನು ಏಣಿ ಎನ್ನುತ್ತಿದ್ದರು. ಗಣಿತದ ಮೇಷ್ಟರಾಗಿದ್ದ ಅಪ್ಪನೇ ಅದರ ನಿಯಮ ಮಾಡಿದ್ದು. ಒಂದು ಅಥವಾ ಎರಡು ಮೊಳೆ ಮೇಲಿರುವವರನ್ನು ಚಾಲೆಂಜ್ ಮಾಡಬಹುದು. ಹಾಗೆ ಕರೆಯುವವರು ತಮ್ಮ ಮೊಳೆಯಿಂದ ಅವರ ಮೊಳೆಗೆ ಕೆಂಪು ದಾರ ಕಟ್ಟಬೇಕು. ಗೆದ್ದರೆ ಬಿಲ್ಲೆ ಅದಲುಬದಲು, ಸೋತರೆ ಇದ್ದಲ್ಲೇ. ಏಳು ದಿನದೊಳಗೆ ಆಡಲು ಬಾರದಿದ್ದರೆ ಮೇಲಿನವರು ಜಾಗ ಬಿಡಬೇಕು. ಅಪ್ಪನದು ಮೂರನೆಯ ಮೊಳೆ. ನಾಲ್ಕನೆಯದು ಅವರ ಗೆಳೆಯ ಜವರಯ್ಯ ಮಾವನದು. ಮಾವ ಟಿ. ನರಸೀಪುರದ ನಾಲೆ ಕಚೇರಿಯಲ್ಲಿದ್ದರು. ಭಾನುವಾರ ಮಾತ್ರ ಮೊದಲ ಬಸ್ಸಿಗೆ ಬರುತ್ತಿದ್ದರು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಎದೆನೋವು ಬಂತು. ಎಷ್ಟೋ ತಿಂಗಳ ಮೇಲೆ ಡಾಕ್ಟರು ಇನ್ನು ಆಡಬಹುದು ಎಂದರು. ಆದರೆ ಯಾರೂ ದಾರ ಕಟ್ಟಲಿಲ್ಲ. ಅಪ್ಪ ತಾವೇ ಮೇಲಿನವರಿಗೆ ಕಟ್ಟಿದರೆ, ಅವರು ಚೆಂಡನ್ನು ಅಪ್ಪ ನಿಂತಲ್ಲಿಗೇ ಮೆಲ್ಲಗೆ ಹಾಕಿಕೊಟ್ಟು ಸೋಲಲು ನೋಡಿದರು. ಅಪ್ಪ ಅರ್ಧಕ್ಕೇ ಆಟ ಬಿಟ್ಟು ಬಂದರು. ಆಮೇಲೆ ಅವರಿಗೆ ಒಂದು ಕಡೆ ಕೂರಲಾಗಲಿಲ್ಲ. ಉತ್ತರಪತ್ರಿಕೆ ತಿದ್ದುತ್ತಿದ್ದವರು ನಡುವೆ ಎದ್ದು ಶೆಡ್ಡಿಗೆ ಹೋಗಿ ಮೊಳೆ ನೋಡಿಕೊಂಡು ಬರುತ್ತಿದ್ದರು.

"ಯಾರೂ ಕರೀದಿದ್ರೆ ಒಳ್ಳೇದೇ ಆಯ್ತಲ್ಲ, ಸುಮ್ನೆ ಕೂತ್ಕೊಳಿ," ಎಂದಳು ಅಮ್ಮ.

"ಫೋಟೋಗೆ ಹಾರ ಹಾಕ್ದಂಗೆ ಬಿಟ್ಟವ್ರೆ ಕಣೇ ನನ್ ಬಿಲ್ಲೇನ," ಎಂದರು ಅಪ್ಪ.

ಒಂದು ಬುಧವಾರ ನಾನು ಸ್ಟೂಲು ಹತ್ತಿ, ನನ್ನ ಒಂದು ಜಡೆಯ ಕೆಂಪು ಟೇಪು ಬಿಚ್ಚಿ, ಜವರಯ್ಯ ಮಾವನ ಮೊಳೆಯಿಂದ ಅಪ್ಪನ ಮೊಳೆಗೆ ಕಟ್ಟಿದೆ. ಮಾವ ಆವತ್ತು ಊರಲ್ಲೇ ಇಲ್ಲವೆಂಬುದು ನನಗೆ ಹೊಳೆಯಲಿಲ್ಲ. ಅಪ್ಪನಿಗೆ ಹೊಳೆದಿತ್ತೋ ಏನೋ, ಏನೂ ಕೇಳದೆ ಸಂಜೆ ಸಿಳ್ಳೆ ಹಾಕುತ್ತ ಬಿಳಿ ಶೂಗೆ ಪಾಲಿಶ್ ಹಚ್ಚಿದರು. ಆಗ ನನಗೆ ಹೆದರಿಕೆ ಹತ್ತಿತು. ಅವರ ಎದೆ ತಡೆಯದಿದ್ದರೆ? ಬಿಚ್ಚಿಬಿಡೋಣವೆಂದು ನಾಲ್ಕು ಸಲ ಶೆಡ್ಡಿನ ಬಾಗಿಲವರೆಗೆ ಹೋಗಿ ಹಿಂದಿರುಗಿದೆ.

ಭಾನುವಾರ ಮಾವ ಬಂದು ಏಣಿ ನೋಡಿದರು. ಆಮೇಲೆ ನನ್ನ ತಲೆ ನೋಡಿದರು: ಒಂದು ಜಡೆಗೆ ಕೆಂಪು ಟೇಪು, ಇನ್ನೊಂದಕ್ಕೆ ಕಪ್ಪು.

"ಏನಯ್ಯ, ಕಟ್ಟಿ ಆದ್ಮೇಲೆ ಹೆದರಿಕೆ ಆಯ್ತಾ?" ಎಂದರು ಅಪ್ಪ.

"ನಂಗ್ಯಾಕ್ ಎದರ್ಕೆ ಮೇಷ್ಟ್ರೇ? ನಿಮ್ ಬಿಲ್ಲೆ ತುಕ್ ಹಿಡೀತಾ ಅದೆ, ಇಳಿಸ್ಕೊಡವಾ ಅಂತ ಬಂದೆ. ಬನ್ನಿ." ಮಾವ ಟೇಪು ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಒಂದು ಚೆಂಡನ್ನೂ ಬಿಟ್ಟುಕೊಡಲಿಲ್ಲ. ಅಪ್ಪನನ್ನು ಮೂಲೆಯಿಂದ ಮೂಲೆಗೆ ಓಡಿಸಿದರು. ನಾನು ಶೆಡ್ಡಿನ ಕಂಬ ಹಿಡಿದುಕೊಂಡು ಅಪ್ಪನ ಏದುಸಿರು ಕೇಳುತ್ತಿದ್ದೆ. ಅಪ್ಪ ಸೋತರು. ತಾವೇ ಬಿಲ್ಲೆ ತೆಗೆದು ನಾಲ್ಕನೆಯ ಮೊಳೆಗೆ ಹಾಕಿ, ಮನೆಗೆ ಬಂದು ಎರಡು ಮುದ್ದೆ ಉಂಡು, ಮಧ್ಯಾಹ್ನವೆಲ್ಲ ನಿದ್ದೆ ಮಾಡಿದರು. ಎಷ್ಟೋ ತಿಂಗಳ ಮೇಲೆ ಮನೆಯಲ್ಲಿ ಅವರ ಗೊರಕೆ ಕೇಳಿಸಿತು.

ಮೂರು ವರ್ಷ ಇಬ್ಬರೂ ಹಾಗೇ ಹತ್ತಿದರು, ಇಳಿದರು. ಅಪ್ಪ ಹೋದಾಗ ಮೂರನೆಯ ಮೊಳೆಯಲ್ಲಿದ್ದರು. ಆ ಬಿಲ್ಲೆ ಮುಟ್ಟಲು ಎಲ್ಲರಿಗೂ ಅಳುಕು. ತಿಥಿ ಕಳೆದ ಮೇಲಿನ ಭಾನುವಾರ ಜವರಯ್ಯ ಮಾವ ತಮ್ಮ ಮೊಳೆಯಿಂದ ಅಪ್ಪನ ಮೊಳೆಗೆ ಕಟ್ಟಿ ಹೋದರು. ಮರುವಾರ ಬಂದು ನೀರು ಚಿಮುಕಿಸಿ, ಗೆರೆ ಹಾಕಿ, ನೆಟ್ಟಿನ ತಮ್ಮ ಕಡೆ ರಾಕೆಟ್ ಹಿಡಿದು ನಿಂತರು. ಬಿಸಿಲು ನೆತ್ತಿಗೆ ಬರುವ ತನಕ ನಿಂತೇ ಇದ್ದರು. ಆಮೇಲೆ ಹಿತ್ತಲ ಬಾಗಿಲಿಗೆ ಬಂದು ಬಿಲ್ಲೆಯನ್ನು ನನ್ನ ಕೈಗಿಟ್ಟರು.

"ಏಳ್ ದಿನ ಆಯ್ತು ಕೂಸೇ. ನಿಮ್ಮಪ್ಪ ಬರ್ನಿಲ್ಲ. ರೂಲ್ ಪ್ರಕಾರ್ವೇ ಇಳಿಸ್ದೆ."

ಬಿಲ್ಲೆಗೆ ನನ್ನ ಜಡೆಯ ಕೆಂಪು ಟೇಪು ಸುತ್ತಿತ್ತು.

ಮಾವನೂ ಈಗಿಲ್ಲ. ಬಿಲ್ಲೆ ನನ್ನ ಬಳಿಯೇ ಇದೆ. ಯಾವ ಗೋಡೆಗೂ ಅದನ್ನು ಮೊಳೆ ಹೊಡೆದು ನಿಲ್ಲಿಸಲು ಮನಸ್ಸು ಬಂದಿಲ್ಲ. ಒಂದು ವಾರ ಕಿಟಕಿಯಲ್ಲಿಡುತ್ತೇನೆ, ಇನ್ನೊಂದು ವಾರ ಕಪಾಟಿನಲ್ಲಿ.